ಬೆಳಗುವ ಕವಚ

ವಿಡಿಯೊ ಆಟಗಳ ವೀರರಂತೆ ವೇಷ ಧರಿಸುವ ಹವ್ಯಾಸವು ನಮ್ಮ ಕಾಲೇಜು ತರುಣರನ್ನೂ ಸೆಳೆಯತೊಡಗಿದೆ. ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆ ಹೋಗಿಬಂದವರು ಇಂತಹ ವೇಷಗಳನ್ನು ಕಂಡಿರಬಹುದು. 1986ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಹೊರತಂದ ‘ಮೆಟ್ರಾಯ್ಡ್’ ಆಟದ ನಾಯಕಿ ಸಾಮಸ್ ಆರಾನಳ ಕವಚವು ಇವುಗಳಲ್ಲಿ ಹೆಸರಾದುದು. ಇ.ವಿ.ಎ. ಫೋಮ್ ಎಂಬ ಮೆತ್ತನೆಯ ಹಾಳೆಗಳನ್ನು ಕತ್ತರಿಸಿ, ಕಾಯಿಸಿ ಬಾಗಿಸಿ, ಅಂಟಿಸಿ, ಬಣ್ಣ ಬಳಿದು, ಒಳಗೆ ಪುಟ್ಟ ದೀಪಗಳನ್ನು ಹುದುಗಿಸಿದರೆ ಕವಚವು ಬೆಳಗುತ್ತದೆ. ಹಿರಿಯರನೇಕರು ಇದನ್ನು ಹುಡುಗಾಟವೆಂದು ತಳ್ಳಿಹಾಕುವರು. ನಮ್ಮ ಅಭಿಪ್ರಾಯ ಬೇರೆ. ಸಿದ್ಧ ಸಲಕರಣೆಗೆ ತಂತಿ ಸಿಕ್ಕಿಸಿ, ಕೋಷ್ಟಕ ತುಂಬಿ, ಸಹಿ ಹಾಕಿಸಿಕೊಳ್ಳುವ ಪ್ರಯೋಗಶಾಲೆಯ ವಾಡಿಕೆಗಿಂತ ಇಂತಹ ಕವಚವೊಂದರಿಂದ ವಿದ್ಯಾರ್ಥಿಗಳು ಹೆಚ್ಚು ಭೌತಶಾಸ್ತ್ರವನ್ನು ಕಲಿಯಬಲ್ಲರು. ಆದರೆ ಕವಚದೊಡನೆ ಅದರ ಲೆಕ್ಕವನ್ನೂ ಅವರೇ ಮಾಡಬೇಕು.

ಕೆಂಪು ಎಲ್.ಇ.ಡಿ. ದೀಪಕ್ಕೆ ಸುಮಾರು 2 ವೋಲ್ಟು ಸಾಕು. ನೀಲಿಗೆ 3 ವೋಲ್ಟಿನಷ್ಟು ಬೇಕು. ಏಕೆಂದರೆ ನೀಲಿ ಬೆಳಕಿನ ಅಲೆಯುದ್ದ ಕಿರಿದು, ಅದರ ಒಂದೊಂದು ಫೋಟಾನಿನ ಶಕ್ತಿ ಹಿರಿದು. ಕೆಂಪು ದೀಪವು 1962ರಲ್ಲಿಯೇ ಬೆಳಗಿತಾದರೂ ಪ್ರಖರವಾದ ನೀಲಿ ದೀಪಕ್ಕಾಗಿ ಲೋಕವು 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರ ನೊಬೆಲ್ ಬಹುಮಾನ ಸಂದಿತು.

5 ವೋಲ್ಟಿನ ಪವರ್ ಬ್ಯಾಂಕಿಗೆ ಕೆಂಪು ದೀಪವನ್ನು ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುವುದು. ಮಿಕ್ಕ 3 ವೋಲ್ಟನ್ನು ರೋಧಕವೊಂದು ತಾಳಿಕೊಳ್ಳಬೇಕು. 20 ಮಿಲಿಆಂಪಿಯರ್ ಪ್ರವಾಹಕ್ಕೆ ಅದು 150 ಓಮ್. ಇಂತಹ 60 ದೀಪಗಳು ಒಟ್ಟು 6 ವಾಟ್ ಬೇಡುತ್ತವೆ. ಅದರಲ್ಲಿ 3.6 ವಾಟ್ ರೋಧಕಗಳನ್ನು ಕಾಯಿಸಲಿಕ್ಕೇ ವ್ಯಯ! ಎರಡೆರಡು ದೀಪಗಳನ್ನು ಸರಣಿಯಲ್ಲಿ ಜೋಡಿಸಿ 50 ಓಮ್ ರೋಧಕವನ್ನಿಟ್ಟರೆ ಅದೇ ಬೆಳಕಿಗೆ 3 ವಾಟ್ ಸಾಕಾಗುವುದು. ಅಂಗಡಿಯಿಂದ ಸಿದ್ಧ ದೀಪಪಟ್ಟಿಯನ್ನು ತಂದು ಅಂಟಿಸುವವರಿಗೆ ಈ ಸೂಕ್ಷ್ಮ ಹೊಳೆಯುವುದೇ ಇಲ್ಲ.

ಆದರೆ ಕವಚದೊಳಗಣ ನಿಜವಾದ ಕುಲುಮೆ ವೇಷಧಾರಿಯ ಮೈ. ಸುಮ್ಮನೆ ಕುಳಿತ ಮನುಷ್ಯನೂ ಸುಮಾರು 100 ವಾಟ್ ಶಾಖವನ್ನು ಹೊರಚೆಲ್ಲುತ್ತಾನೆ. ಕುಣಿದರೆ ಅದರ ಹಲವು ಮಡಿ. ಫೋಮ್ ಶಾಖವನ್ನು ಸುಲಭವಾಗಿ ಸಾಗಗೊಡದು, ಬೆವರಿನ ಆವಿಯನ್ನೂ ಹೊರಬಿಡದು. ಪಣಂಬೂರಿನ ಕಡಲ ದಂಡೆಯಂತಹ ಕಡೆ ಗಾಳಿಯೇ ತೇವದಿಂದ ತುಂಬಿರುವುದರಿಂದ ಬೆವರು ಸುರಿಯುವುದೇ ಹೊರತು ಬೇಗ ಆರುವುದಿಲ್ಲ. ಆರದ ಬೆವರು ಮೈಯನ್ನು ತಣಿಸದು. ತಲೆಸುತ್ತಿನಿಂದ ಮೊದಲಾಗುವ ಈ ತೊಂದರೆಯು ಮಿತಿಮೀರಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ದೀಪಗಳ ಯೋಚನೆಗೆ ಮುನ್ನ ಕಂಕುಳು, ಬೆನ್ನುಗಳಲ್ಲಿ ಕಿಂಡಿಗಳೂ ಶಿರಸ್ತ್ರಾಣದಲ್ಲಿ ಪುಟ್ಟ ಫ್ಯಾನೂ ಇರಲಿ. ಲಿಥಿಯಂ ಕೋಶಗಳನ್ನು ಮೈಗೆ ತಾಗದಂತೆ, ಥಟ್ಟನೆ ಕಿತ್ತೆಸೆಯಲು ಬರುವಂತೆ ಹೊರಚೀಲದಲ್ಲಿಡಬೇಕು. ಉಪ್ಪುಗಾಳಿಯು ತಂತಿಯ ಬೆಸುಗೆಗಳನ್ನು ಕೆಡಿಸುವುದರಿಂದ ಅವುಗಳಿಗೂ ಹೊದಿಕೆ ಅವಶ್ಯ.

ಈ ಸೀಮೆಗೆ ಬೆಳಗುವ ಕವಚ ಹೊಸದೇನಲ್ಲ. ತೆಂಕುತಿಟ್ಟಿನ ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ನೋಡಿರಿ. ಹಗುರವಾದ ಮರ, ಮೇಲೆ ಬೇಗಡೆ, ನಡುನಡುವೆ ಕನ್ನಡಿಯ ಚೂರುಗಳು. ದೊಂದಿಯ ಮಂದ ಬೆಳಕಿನಲ್ಲಿಯೂ ಅವು ಮಿಂಚುತ್ತಿದ್ದವು. ಕನ್ನಡಿ 5 ಡಿಗ್ರಿ ತಿರುಗಿದರೆ ಪ್ರತಿಫಲಿತ ಕಿರಣವು 10 ಡಿಗ್ರಿ ತಿರುಗುತ್ತದೆ. ವೇಷಧಾರಿಯು ಕತ್ತನ್ನು ತುಸು ಕೊಂಕಿಸಿದರೂ ಬೆಳಕಿನ ಚುಕ್ಕೆಗಳು ಸಭೆಯ ತುಂಬ ಹರಿದಾಡುವ ಗುಟ್ಟು ಇದೇ. ಬ್ಯಾಟರಿಯಿಲ್ಲ, ತಂತಿಯಿಲ್ಲ! ಫೋಮ್ ಕವಚದೊಳಗೂ ಪ್ರತಿ ದೀಪದ ಹಿಂದೆ ಬೇಗಡೆಯನ್ನು, ಮುಂದೆ ಬೆಳಕನ್ನು ಹರಡುವ ಹಾಲುಬಣ್ಣದ ಪ್ಲಾಸ್ಟಿಕ್ಕನ್ನು ಇಟ್ಟರೆ ದೀಪಗಳ ಸಂಖ್ಯೆಯನ್ನೂ ತಗ್ಗಿಸಬಹುದು. ನಮ್ಮ ತರುಣರು ಒಂದು ಸಂಜೆ ಮೇಳದ ಚೌಕಿಯಲ್ಲಿ ಕುಳಿತು ವೇಷ ಕಟ್ಟುವುದನ್ನು ನೋಡಲೆಂಬುದು ನಮ್ಮ ಸಲಹೆ.

ಪದವಿ ತರಗತಿಗಳ ಪ್ರಾಜೆಕ್ಟಿಗೆ ಇಂತಹ ಕವಚವನ್ನು ಕಾಲೇಜುಗಳು ಒಪ್ಪಬಾರದೇಕೆ? ವಿದ್ಯುನ್ಮಂಡಲದ ನಕ್ಷೆ, ಶಕ್ತಿಯ ಲೆಕ್ಕ, ಧರಿಸಿದ ಮೇಲೆ ಒಳಗಣ ಉಷ್ಣತೆ ಏರಿದ ಬಗೆ, ಇವಿಷ್ಟನ್ನು ಬರೆದ ಪುಸ್ತಕದೊಡನೆ ಕವಚವನ್ನು ಮೇಜಿನ ಮೇಲೆ ತಂದಿಡುವವರಿಗೆ ನಾವಂತೂ ಪೂರ್ಣಾಂಕಗಳನ್ನು ಕೊಡಲು ಸಿದ್ಧರಿದ್ದೇವೆ.