ಕಾಲಿನ ಸಾಧನೆ, ಕೈಯ ಕಾಯಕ

ಸೈಕಲ್ ಅಂಗಡಿಯ ದುಡಿಮೆಯೇ ಬೇರೆ, ದುರ್ಗಮ ಸವಾರಿಯ ಸಾಧನೆಯೇ ಬೇರೆ ಎಂದು ಬಗೆಯುವುದು ತರವಲ್ಲ. 1913ರ ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಟೂರ್ಮಲೆ ಘಟ್ಟವನ್ನು ಇಳಿಯುವಾಗ ಯೂಜೆನ್ ಕ್ರಿಸ್ತೋಫ್ ಅವರ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಅನ್ಯರ ನೆರವು ನಿಷಿದ್ಧವಾಗಿತ್ತು. ಅವರು ಸೈಕಲ್ಲನ್ನು ಹೊತ್ತು ಹತ್ತು ಕಿಲೋಮೀಟರಿಗೂ ಮಿಗಿಲಾಗಿ ನಡೆದು, ಹಳ್ಳಿಯ ಕುಲುಮೆಯಲ್ಲಿ ಸ್ವಹಸ್ತದಿಂದ ಅದನ್ನು ಬೆಸೆದರು. ಬೀಗ ಮಾಡುವ ಕಸುಬು ಬಲ್ಲ ಕೈ ಅದು. ತಿದಿಯೊತ್ತಿದ ಬಾಲಕನ ನೆರವು ಪಡೆದುದಕ್ಕೆ ದಂಡನೆಯೂ ಆಯಿತು. ಗೆಲುವು ಕೈತಪ್ಪಿದರೂ ಅವರು ಸ್ಪರ್ಧೆಯನ್ನು ಪೂರ್ಣಗೊಳಿಸಿದರು.

ಆದುದರಿಂದ ಕಠಿಣ ಸವಾರಿಗೆ ಸಿದ್ಧರಾಗುವ ತರುಣರು ಕಾಲನ್ನಷ್ಟೇ ಪಳಗಿಸಿದರೆ ಸಾಲದು. ಅಂಗಡಿಯ ಕೆಲಸಗಾರನ ಬಳಿ ಕುಳಿತು ಪಂಕ್ಚರ್ ಹಾಕುವುದನ್ನೂ, ಚೈನು ಕೂಡಿಸುವುದನ್ನೂ ಕಲಿಯಬೇಕು. ಎಣ್ಣೆ ಅಂಟಿದ ಆ ಕೈಯನ್ನು ಕೀಳೆಂದು ಕಾಣದೆ ಗುರುವೆಂದು ಗೌರವಿಸುವುದೇ ಸಾಧನೆಯ ಮೊದಲ ಪಾಠ.