ಕೈಚಳಕ ಬಚ್ಚಿಡಬೇಕಾದ ಕಸುಬು

ಬಳ್ಳಾರಿಯ ಜೀನ್ಸ್ ಹೊಲಿಗೆಯ ಮಾತು ಬಂದಾಗಲೆಲ್ಲ ಒಂದು ದೂರು ಕೇಳಿಬರುತ್ತದೆ. "ನಮ್ಮ ಟೈಲರ್‌ಗಳು ಬಹಳ ನಿಧಾನ. ಬಾಂಗ್ಲಾದೇಶದವರನ್ನು ನೋಡಿ ಕಲಿಯಬೇಕು." ಮಾಲೀಕರು ಹೇಳುತ್ತಾರೆ, ವ್ಯಾಪಾರಿಗಳು ಹೇಳುತ್ತಾರೆ, ಒಂದು ದಿನವೂ ಸೂಜಿಗೆ ದಾರ ಪೋಣಿಸದವರು ಸಭೆಗಳಲ್ಲಿ ಹೇಳುತ್ತಾರೆ. ಸಂಗನಕಲ್ಲಿನಿಂದ ಆಟೋ ಹಿಡಿದು ಹೋಗಿ ಹನ್ನೊಂದು ವರ್ಷ ಬಳ್ಳಾರಿಯಲ್ಲಿ ಮಿಷನ್ ಮುಂದೆ ಕೂತವನು ನಾನು. ಈ ದೂರಿಗೆ ಒಳಗಿನವನ ಉತ್ತರವನ್ನೂ ಒಮ್ಮೆ ಕೇಳಬೇಕು.

ನಾನು ಕೆಲಸ ಕಲಿತ ಕಡೆ ಒಬ್ಬ ಹಿರಿಯರಿದ್ದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಹಿಂದಿನ ಜೇಬು ಹೊಲಿಯುವುದು ಅವರ ಕೆಲಸ. ಮಾಲೀಕರು ಇಲ್ಲದ ಹೊತ್ತಿನಲ್ಲಿ ಅವರ ಕೈ ನೋಡಬೇಕಿತ್ತು. ಬೆಳಗ್ಗೆಯೇ ಆರು ಬಾಬಿನ್ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಜೇಬುಗಳನ್ನು ಸೂಜಿಗೆ ಹೋಗುವ ದಿಕ್ಕಿನಲ್ಲೇ ಎಡಗಡೆ ಜೋಡಿಸಿರುತ್ತಿದ್ದರು; ಎತ್ತಿ ತಿರುಗಿಸುವ ಕೆಲಸವೇ ಇಲ್ಲ. ಜೇಬಿನ ಮೇಲಂಚು ಮಡಚಿ ಹೊಲಿಯುವಾಗ ಒಂದು ಮುಗಿದ ಕೂಡಲೇ ದಾರ ಕತ್ತರಿಸದೆ ಮುಂದಿನದನ್ನು ಅದರ ಬೆನ್ನಿಗೇ ಕೊಡುತ್ತಿದ್ದರು. ಇಪ್ಪತ್ತು ಮೂವತ್ತು ಜೇಬುಗಳು ತೋರಣದಂತೆ ಹೊರಬಂದ ಮೇಲೆ ಒಟ್ಟಿಗೆ ಕತ್ತರಿಸುತ್ತಿದ್ದರು. ಅವಸರವಿಲ್ಲ, ಬೆವರಿಲ್ಲ, ಆದರೆ ರಾಶಿ ಕರಗುತ್ತಿತ್ತು. ಮಾಲೀಕರ ಚಪ್ಪಲಿ ಸದ್ದು ಕೇಳಿದ ಕೂಡಲೇ ಒಂದೊಂದೇ ಜೇಬು ಹೊಲಿದು, ದಾರ ಕತ್ತರಿಸಿ, ಕೆಳಗಿಡಲು ಶುರು.

ಒಂದು ದಿನ ಕೇಳಿಯೇಬಿಟ್ಟೆ. "ತೋರಿಸಿದರೆ ನಾಳೆ ರೇಟು ಇಳೀತದೆ ಬೇಟಾ" ಎಂದರು. ಅಷ್ಟೇ.

ಅವರ ಮಾತಿನ ಅರ್ಥ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ನಮ್ಮಲ್ಲೊಬ್ಬ ಹುಡುಗ ಚುರುಕಾಗಿ ಹೊಲಿದು ವಾರದ ಬಟವಾಡೆಯಲ್ಲಿ ಎಲ್ಲರಿಗಿಂತ ಹೆಚ್ಚು ಎಣಿಸಿಕೊಂಡ. ಮರುತಿಂಗಳು ಲೂಪು ಹೊಲಿಯುವ ರೇಟು ಇಳಿಯಿತು, ಅವನಿಗೆ ಮಾತ್ರವಲ್ಲ, ಎಲ್ಲರಿಗೂ. ದಿನಕ್ಕೆ ನೂರು ಪೀಸ್ ಮಾಡುವವನು ನೂರಮೂವತ್ತು ಮಾಡಿದನೆಂದಿಟ್ಟುಕೊಳ್ಳೋಣ. ಆ ಹೆಚ್ಚಿನ ಮೂವತ್ತನ್ನು ಅವನ ಕೈಗೆ ಬಿಡದೆ ರೇಟು ತಗ್ಗಿಸಿದರೆ, ನಾಳೆ ಅವನು ಹಿಂದಿನ ಕೂಲಿಗಾಗಿಯೇ ನೂರಮೂವತ್ತು ಹೊಲಿಯಬೇಕು. ಅಷ್ಟು ಮಾಡಲಾಗದ ಪಕ್ಕದವನು ಹಿಂದಿನ ಕೂಲಿಯನ್ನೂ ಕಳೆದುಕೊಳ್ಳುತ್ತಾನೆ. ಹೀಗಿರುವಲ್ಲಿ ಯಾವ ಬುದ್ಧಿವಂತ ತನ್ನ ಕೈಚಳಕ ತೋರಿಸುತ್ತಾನೆ? ನಿಧಾನವಾಗಿ ಕಾಣುವುದೂ ಕಲಿಯಬೇಕಾದ ಒಂದು ಕಸುಬಾಗುತ್ತದೆ.

ಇದು ಬಳ್ಳಾರಿಯ ರೋಗ ಮಾತ್ರವಲ್ಲ. ಅಮೆರಿಕದ ಫ್ರೆಡ್ರಿಕ್ ಟೇಲರ್ 1911ರಲ್ಲಿ ಕೆಲಸದ ವೈಜ್ಞಾನಿಕ ನಿರ್ವಹಣೆಯ ಬಗ್ಗೆ ಪುಸ್ತಕ ಬರೆದ. ಇಂದಿನ 'ಉತ್ಪಾದಕತೆ' ಉಪನ್ಯಾಸಗಳಿಗೆಲ್ಲ ಅವನು ಮೂಲಪುರುಷ. ಉಕ್ಕಿನ ಕಾರ್ಖಾನೆಯೊಂದರಲ್ಲಿ ದಿನಕ್ಕೆ 12.5 ಟನ್ ಕಬ್ಬಿಣ ಹೊರುತ್ತಿದ್ದ ಕೂಲಿಯಿಂದ 47.5 ಟನ್ ಹೊರಿಸಿದೆನೆಂದು ಅವನು ಹೆಮ್ಮೆಯಿಂದ ಹೇಳಿಕೊಂಡ. ದಿನಗೂಲಿ ಎಷ್ಟು ಏರಿತು? 1.15 ಡಾಲರ್‌ನಿಂದ 1.85 ಡಾಲರ್‌ಗೆ. ಹೊರೆ ಹೆಚ್ಚುಕಡಿಮೆ ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಅಲ್ಲ. ಮಾಲೀಕರು ರೇಟು ಕಡಿಯುವುದರಿಂದಲೇ ಕೂಲಿಗಳು ಬೇಕೆಂದೇ ನಿಧಾನ ಮಾಡುತ್ತಾರೆಂದು ಗುರುತಿಸಿ ಬರೆದವನೂ ಇದೇ ಟೇಲರ್. ನಮ್ಮ ಚಾಚಾ ಅವನನ್ನು ಓದಿರಲಿಲ್ಲ, ಆದರೆ ಅದೇ ಸತ್ಯವನ್ನು ಒಂದು ವಾಕ್ಯದಲ್ಲಿ ಹೇಳಿದ್ದರು.

ಅದೇ ಕಾಲದ ಇನ್ನೊಬ್ಬನನ್ನು ನಾವು ಹೆಚ್ಚು ನೆನೆಯಬೇಕು. ಫ್ರಾಂಕ್ ಗಿಲ್‌ಬ್ರೆತ್ ಸ್ವತಃ ಗಾರೆ ಕೆಲಸ ಕಲಿತವನು. ಗೋಡೆ ಕಟ್ಟುವವನು ಪ್ರತಿ ಇಟ್ಟಿಗೆಗೂ ಕೆಳಕ್ಕೆ ಬಗ್ಗಿ ಏಳುವುದನ್ನು ಕಂಡು, ಗೋಡೆಯೊಡನೆ ಏರುವ ಅಟ್ಟಣಿಗೆ ಮಾಡಿ, ಇಟ್ಟಿಗೆ ಮತ್ತು ಗಾರೆ ಎರಡೂ ಕೈಗೆಟುಕುವ ಎತ್ತರದಲ್ಲಿ ಇರುವಂತೆ ಮಾಡಿದ. ಹದಿನೆಂಟು ಚಲನೆಗಳು ಐದಕ್ಕೆ ಇಳಿದವು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದ ಕೈ 350 ಇಟ್ಟಿತು. ಯಾರೂ ಓಡಲಿಲ್ಲ, ಬಗ್ಗುವುದು ತಪ್ಪಿತು ಅಷ್ಟೇ.

ಈಗ ನಮ್ಮ ಯೂನಿಟ್‌ಗಳನ್ನು ನೋಡಿ. ಕೌಲ್ ಬಜಾರಿನ ಕಿರಿದಾದ ಕೋಣೆಗಳಲ್ಲಿ ಬಂಡಲ್ ನೆಲದ ಮೇಲೆ, ಟೈಲರ್ ಬೆನ್ನೊರಗಿಲ್ಲದ ಸ್ಟೂಲಿನ ಮೇಲೆ. ಪ್ರತಿ ಪೀಸಿಗೂ ಬಗ್ಗಬೇಕು. ಕಡುನೀಲಿ ಬಟ್ಟೆಯ ಮೇಲೆ ಕಡುನೀಲಿ ದಾರ; ಅದನ್ನು ನೋಡಲು ತಲೆಯ ಮೇಲೊಂದು ಮಂಕು ಟ್ಯೂಬ್‌ಲೈಟು. ಕಟಿಂಗ್ ಆದ ತುಂಡುಗಳಿಗೆ ನಂಬರ್ ಹಾಕದಿದ್ದರೆ ಬೇರೆ ಬೇರೆ ಥಾನಿನ ಕಾಲುಗಳು ಒಂದೇ ಪ್ಯಾಂಟಿಗೆ ಸೇರುತ್ತವೆ. ವಾಷಿಂಗ್‌ನಿಂದ ಬಂದಾಗ ಒಂದು ಕಾಲು ಕಪ್ಪು, ಒಂದು ಬೂದು. ಬಿಚ್ಚಿ ಹೊಲಿಯುವ ಹೊತ್ತಿಗೆ ಕೂಲಿಯಿಲ್ಲ. ಸೂಜಿ ಮೊಂಡಾದರೆ ಬದಲಾಯಿಸಲು ಹಿಂದೆಮುಂದೆ ನೋಡುತ್ತಾರೆ. ಕರೆಂಟ್ ಹೋದರೆ ಕಾಯುವ ಹೊತ್ತೂ ಟೈಲರ್ ಖಾತೆಗೇ. ಪೀಸ್ ರೇಟಿನ ಮರ್ಮ ಇದು: ಹಾಳಾದ ಸಮಯಕ್ಕೆ ಮಾಲೀಕರು ದುಡ್ಡು ಕೊಡುವುದಿಲ್ಲ. ಹಾಗಾಗಿ ಸಮಯ ಹಾಳಾಗುತ್ತಿದೆ ಎಂಬುದೇ ಅವರ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಹೇಳದೆ ಇರಲಾರೆ. ದಾರ ಕತ್ತರಿಸಲು, ಬಾಬಿನ್ ತರಲು, ಬಂಡಲ್ ಎತ್ತಿಕೊಡಲು ಶಾಲೆ ಬಿಡಿಸಿದ ಹುಡುಗರನ್ನು ಹೆಲ್ಪರ್ ಎಂದು ಕಳಿಸಿದವರು ನಾವೇ. "ಹುನ್ನರ್ ಕಲೀಲಿ" ಎಂದು ಸಮಾಧಾನ ಹೇಳಿಕೊಂಡೆವು. ಆ ಹುಡುಗ ಕಲಿತದ್ದೇನು? ಮೇಜಿನ ಎತ್ತರ ಸರಿಯಿಲ್ಲದ ಕಡೆ ತಾನೇ ಮೇಜಾಗುವುದನ್ನು. ಅಗ್ಗದ ಕೈ ಸಿಗುವ ತನಕ ಯಾವ ಮಾಲೀಕನೂ ಕೆಲಸದ ಏರ್ಪಾಡು ಸುಧಾರಿಸುವುದಿಲ್ಲ. 2016ರ ತಿದ್ದುಪಡಿಯ ನಂತರ ಕಾನೂನು ಹದಿನಾಲ್ಕರೊಳಗಿನ ಮಕ್ಕಳನ್ನು ಇಂಥ ಕಡೆ ದುಡಿಸುವುದನ್ನು ನಿಷೇಧಿಸಿದೆ. ಕಾನೂನಿಗೆ ಹೆದರಿ ಅಲ್ಲದಿದ್ದರೂ, ಕಸುಬಿನ ಮೇಲಿನ ಅಭಿಮಾನಕ್ಕಾದರೂ ಹುಡುಗರನ್ನು ಶಾಲೆಗೆ ವಾಪಸ್ ಕಳಿಸಬೇಕು.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಅವರಲ್ಲಿ ಹೆಚ್ಚಿನವರು ನಿನ್ನೆಯ ಟೈಲರ್‌ಗಳೇ. ಸಾಲದ ಬಟ್ಟೆ, ತಡವಾಗಿ ಬರುವ ಹಣ, ದರ ಹಿಂಡುವ ಹೊರಊರಿನ ವ್ಯಾಪಾರಿ. 2023ರ ವಿಧಾನಸಭಾ ಚುನಾವಣೆಯಲ್ಲಿ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಭರವಸೆಯನ್ನು ಅವರೂ ಕೇಳಿದರು, ನಾವೂ ಕೇಳಿದೆವು. ಆದರೆ ವ್ಯಾಪಾರಿ ಹಿಂಡಿದ್ದನ್ನು ಟೈಲರ್‌ನ ರೇಟಿನಿಂದ ತುಂಬಿಕೊಳ್ಳುವುದು ಸುಲಭದ ದಾರಿಯೇ ಹೊರತು ಲಾಭದ ದಾರಿಯಲ್ಲ. ಬಿಚ್ಚಿ ಹೊಲಿದ ಪ್ರತಿ ಪ್ಯಾಂಟೂ, ಹಿಂದಿರುಗಿ ಬಂದ ಪ್ರತಿ ಬಂಡಲೂ ಅವರ ನಷ್ಟವೇ. ಪೆಡಲ್ ಒತ್ತದಿದ್ದಾಗಲೂ ತಿರುಗುತ್ತಲೇ ಇರುವ ಹಳೆಯ ಕ್ಲಚ್ ಮೋಟರಿನ ಬದಲು, ಒತ್ತಿದಾಗ ಮಾತ್ರ ತಿರುಗುವ ಸರ್ವೋ ಮೋಟರ್ ಹಾಕಿದರೆ ಉಳಿಯುವ ಕರೆಂಟ್ ಬಿಲ್ಲೂ ಅವರದೇ. ಉಳಿತಾಯ ಇಲ್ಲೆಲ್ಲ ಇರುವಾಗ ಕತ್ತರಿ ಮಾತ್ರ ಏಕೆ ಕೂಲಿಯ ಮೇಲೆ?

ನಮ್ಮೂರಿನ ಹಿರೇಗುಡ್ಡಕ್ಕೆ ಹೋಗಿ ನೋಡಿ. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಅಲ್ಲಿ ಕಪ್ಪು ಡಾಲರೈಟ್ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಕಲ್ಲು ಕೀಳುವುದು ಒಂದು ಕಡೆ, ಕೆತ್ತಿ ಆಕಾರ ಕೊಡುವುದು ಇನ್ನೊಂದು ಕಡೆ, ಉಜ್ಜಿ ನಯ ಮಾಡುವುದು ಬಂಡೆಗಳ ಮೇಲೆ. ಉಜ್ಜಿ ಉಜ್ಜಿ ತಗ್ಗಾದ ಗುಳಿಗಳು ಇಂದಿಗೂ ಇವೆ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಗುರುತಿಸಿದ ನೆಲೆ ಇದು. ಇಲ್ಲಿನ ಕೊಡಲಿಗಳನ್ನು ಬಳ್ಳಾರಿಯಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕೆಲಸವನ್ನು ಹಂತಹಂತವಾಗಿ ಜೋಡಿಸುವ ಬುದ್ಧಿಯನ್ನು ಈ ನೆಲಕ್ಕೆ ಯಾವ ಉಪನ್ಯಾಸಕನೂ ಹೊರಗಿನಿಂದ ತಂದು ಕೊಡಬೇಕಿಲ್ಲ. ಅದು ದುಡಿಯುವ ಕೈಗಳಲ್ಲೇ ಇದೆ. ಅದನ್ನು ಹೊರಗೆ ಬರಗೊಡುವ ಲೆಕ್ಕ ಬೇಕು.

ಆ ಲೆಕ್ಕ ಕಷ್ಟದ್ದೇನಲ್ಲ. ಪ್ರತಿ ಕೆಲಸದ ರೇಟನ್ನು ಗೋಡೆಯ ಮೇಲೆ ಬರೆಯಿರಿ, ಒಂದು ವರ್ಷ ಇಳಿಸುವುದಿಲ್ಲವೆಂದು ಮಾತು ಕೊಡಿ. ಕರೆಂಟ್ ಹೋದ, ಕಟಿಂಗ್ ಕೆಟ್ಟ ಹೊತ್ತಿಗೆ ದಿನಗೂಲಿಯ ಲೆಕ್ಕದಲ್ಲಿ ಕೊಡಿ. ಪೀಸ್ ರೇಟಿನವನಿಗೂ ಕನಿಷ್ಠ ಗಳಿಕೆಯ ರಕ್ಷಣೆಯನ್ನು 1948ರ ಕನಿಷ್ಠ ವೇತನ ಕಾಯ್ದೆಯೇ ಕೊಟ್ಟಿತ್ತು; 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನು ಕೈಬಿಟ್ಟಿಲ್ಲ. ಬಂಡಲ್ ಇಡಲು ಮೊಣಕಾಲೆತ್ತರದ ಒಂದು ಹಲಗೆ, ಸೂಜಿಯ ಬಳಿ ಒಂದು ಬಲ್ಬು ಹಾಕಿಸಿ. ಇಷ್ಟು ಮಾಡಿದ ಮೇಲೂ ನಮ್ಮವರು ನಿಧಾನ ಎನಿಸಿದರೆ ಆಗ ಬೈಯಿರಿ, ಕೇಳಿಸಿಕೊಳ್ಳುತ್ತೇವೆ.

ಚಾಚಾ ಈಗ ಹೊಲಿಯುವುದಿಲ್ಲ, ಕಣ್ಣು ಮಂಜಾಗಿದೆ. ಅವರು ಬಲ್ಲ ಇನ್ನೆಷ್ಟೋ ಉಪಾಯಗಳನ್ನು ಯಾರಿಗೂ ತೋರಿಸಲೇ ಇಲ್ಲ. ಆ ನಷ್ಟ ಯಾವ ಮಾಲೀಕರ ಲೆಕ್ಕದ ಪುಸ್ತಕದಲ್ಲೂ ಬರೆದಿಲ್ಲ.