ಗ್ರೂಪಿಂದ ಎಕ್ಸಿಟ್ ಆದ್ರೆ ಪಾರ್ಟ್ನರ್‌ಶಿಪ್ ಮುಗಿಯಲ್ಲ (ಭಾಗ 3)

ಬಿಸಿನೆಸ್ ಶುರು ಮಾಡೋದು ಹೇಗೆ ಅಂತ ದಿನಕ್ಕೆ ಹತ್ತು ರೀಲ್ಸ್ ಬರ್ತವೆ. ಮುಚ್ಚೋದು ಹೇಗೆ ಅಂತ ಒಂದಾದ್ರೂ ನೋಡಿದ್ರಾ?

ನಮ್ ಕ್ಲಾಸಲ್ಲೇ ಟೀಶರ್ಟ್ ಪ್ರಿಂಟಿಂಗ್, ಕೇಕು, ಫೋಟೋಗ್ರಫಿ ಅಂತ ಜೋಡಿ ಜೋಡಿಯಾಗಿ ನಡೀತಿದೆ. ಜಗಳ ಆದ್ರೆ ಒಬ್ರು ವಾಟ್ಸ್ಆ್ಯಪ್ ಗ್ರೂಪಿಂದ ಹೊರಗೆ, ಇನ್ನೊಬ್ರು ಅನ್‌ಫಾಲೋ. ಅಲ್ಲಿಗೆ ಮುಗೀತಂತೆ. ಇಲ್ಲ ಗುರು!

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 45ನೇ ಸೆಕ್ಷನ್ ಓದಿ. ಫರ್ಮ್ ವಿಸರ್ಜನೆ ಆದ್ಮೇಲೂ ಸಾರ್ವಜನಿಕ ನೋಟಿಸ್ ಕೊಡೋವರೆಗೆ, ಪಾರ್ಟ್ನರ್ ಫರ್ಮ್ ಹೆಸರಲ್ಲಿ ಮಾಡೋ ವ್ಯವಹಾರಕ್ಕೆ ನೀವೂ ಹೊಣೆ. ಅವನು ಉದ್ರಿ ಬಟ್ಟೆ ತಂದ್ರೆ ಅಂಗಡಿಯವರು ಪೂರ್ತಿ ದುಡ್ಡನ್ನ ನಿಮ್ಮೊಬ್ಬರ ಹತ್ರಾನೇ ಕೇಳಬಹುದು. ಅರ್ಧ ಅಲ್ಲ, ಪೂರ್ತಿ.

"ಫ್ರೆಂಡ್ಸ್ ಮಧ್ಯೆ ಪೇಪರ್ ಯಾಕೆ" ಅನ್ನೋರ ಮೇಲೆ ನನಗೆ ಸಿಟ್ಟು ಬರೋದು ಇಲ್ಲೇ. ಎಷ್ಟು ಸುಲಭ ಗೊತ್ತಾ? ಅವಧಿ, ಮುಗಿಸೋ ವಿಧಾನ ಯಾವುದನ್ನೂ ಬರೆದುಕೊಳ್ಳದೇ ಶುರುವಾದ ಪಾರ್ಟ್ನರ್‌ಶಿಪ್ ಆದ್ರೆ, ಉಳಿದವರೆಲ್ಲರಿಗೂ ಲಿಖಿತ ನೋಟಿಸ್ ಸಾಕು, ಕೋರ್ಟ್ ಬೇಡ. ಆಮೇಲೆ ಸಾರ್ವಜನಿಕ ನೋಟಿಸ್: ಗೆಜೆಟ್‌ನಲ್ಲಿ, ಮತ್ತೆ ನಿಮ್ಮ ಜಿಲ್ಲೆಯಲ್ಲಿ ಓಡೋ ಸ್ಥಳೀಯ ಭಾಷೆಯ ಒಂದು ಪೇಪರಲ್ಲಿ. ರಿಜಿಸ್ಟರ್ ಆದ ಫರ್ಮ್ ಆದ್ರೆ ರಿಜಿಸ್ಟ್ರಾರ್‌ಗೂ.

"ಕ್ಯಾಮೆರಾ ನಂದು" ಅಂತ ಎತ್ಕೊಂಡು ಹೋಗೋದು ಲೆಕ್ಕ ಚುಕ್ತಾ ಅಲ್ಲ. ಮೊದಲು ಹೊರಗಿನವರ ಸಾಲ, ಆಮೇಲೆ ಪಾರ್ಟ್ನರ್ ಕೊಟ್ಟ ಸಾಲ, ಆಮೇಲೆ ಬಂಡವಾಳ, ಉಳಿದಿದ್ರೆ ಲಾಭದ ಪಾಲು. ರಿಜಿಸ್ಟರ್ ಮಾಡಿಸಿಲ್ವಾ? ವಿಸರ್ಜನೆ ಮತ್ತು ಲೆಕ್ಕಕ್ಕಾಗಿ ದಾವೆ ಹಾಕೋ ಹಕ್ಕು ಆಗಲೂ ಇದೆ. "ನಿನ್ನತ್ರ ಪೇಪರೇ ಇಲ್ಲ" ಅಂತ ಹೆದರಿಸೋರಿಗೆ 69ನೇ ಸೆಕ್ಷನ್ ತೋರಿಸಿ.

ಜಿಎಸ್‌ಟಿ ನಂಬರ್ ರದ್ದು ಮಾಡ್ಸೋದು ಭಾಗ 4ರಲ್ಲಿ. ನಿಮ್ಮ ಪಾರ್ಟ್ನರ್‌ನ ಟ್ಯಾಗ್ ಮಾಡಿ, ಜಗಳಕ್ಕೆ ಮುಂಚೆನೇ.